ಗುಡ್ಡದ ಹೆಸರನ್ನು ಗುಡ್ಡದ ಮೇಲೆಯೇ ಓದುವ ಬಗೆ

ಕೊಪ್ಪಳದ ಪಾಲ್ಕಿಗುಂಡು ಹತ್ತಿದವರಿಗೆ ಆ ಹೆಸರಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಎರಡು ಗುಂಡುಗಳ ಮೇಲೆ ಚಪ್ಪಟೆ ಬಂಡೆಯೊಂದು ಪಲ್ಲಕ್ಕಿಯ ಚಾವಣಿಯಂತೆ ಕೂತಿದೆ, ಅದರ ಆಸರೆಯಲ್ಲೇ ಅಶೋಕನ ಶಾಸನವಿದೆ. ಎಲ್ಲ ಗುಡ್ಡಗಳೂ ಇಷ್ಟು ಸಲೀಸಾಗಿ ಬಾಯಿ ಬಿಡುವುದಿಲ್ಲ. ಅದೇ ಊರಿನ ಮಳೆಮಲ್ಲೇಶ್ವರನ ಬೆಟ್ಟವನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಮಳೆ ಎಲ್ಲಿಂದ ಬಂತು ಎಂದು ತಿಳಿಯುವುದಿಲ್ಲ. ಅದಕ್ಕೆ ಜನರನ್ನು ಕೇಳಬೇಕು, ಕಾಗದ ನೋಡಬೇಕು, ಬೇರೆ ಬೇರೆ ದಿಕ್ಕಿನಿಂದ ನಿಂತು ನೋಡಬೇಕು.

ಕೊಪ್ಪಳ, ಬಳ್ಳಾರಿ, ರಾಯಚೂರು ಜಿಲ್ಲೆಗಳಲ್ಲಿ ಒಂದು ಗುಡ್ಡದ ಹೆಸರನ್ನು ಹೇಗೆ ಬರೆದುಕೊಳ್ಳಬೇಕು, ಹೇಗೆ ಬಿಡಿಸಬೇಕು, ಎಲ್ಲಿ ಎಡವುತ್ತೇವೆ ಎಂಬುದು ಈ ಬರಹದ ವಿಷಯ. ನಡುನಡುವೆ ಐರ್ಲೆಂಡಿನ ಪರ್ವತಗಳು ಬರುತ್ತವೆ. ಈ ಕೆಲಸವನ್ನು ಆ ದೇಶದವರು ಸುಮಾರು ಇನ್ನೂರು ವರ್ಷದಿಂದ ಪಟ್ಟು ಹಿಡಿದು ಮಾಡಿದ್ದಾರೆ. ಅವರ ಹೆಸರುಗಳನ್ನು ಬಿಡಿಸಿದರೆ ಒಳಗೆ ಸಿಗುವುದು ಬಣವಿ, ಬೋಳುತಲೆ, ಕುಡುಗೋಲು, ಗಂಡಿ. ನಮಗೆ ಹೊಸದೇನಲ್ಲ.

ಮೊದಲು ತಯಾರಿ

ಒಂದು ಗುಡ್ಡಕ್ಕೆ ಎರಡು ದಿನ ಇಟ್ಟುಕೊಳ್ಳಿ. ಮೊದಲ ದಿನ ಊರುಗಳಲ್ಲಿ, ಎರಡನೆಯ ದಿನ ಗುಡ್ಡದಲ್ಲಿ. ಒಂದೇ ದಿನಕ್ಕೆ ಮುಗಿಸಲು ಹೋದವರು ಸಾಮಾನ್ಯವಾಗಿ ಗುಡ್ಡವನ್ನಷ್ಟೇ ನೋಡಿ ಬರುತ್ತಾರೆ, ಜನರನ್ನು ಬಿಟ್ಟುಬಿಡುತ್ತಾರೆ.

ನಕ್ಷೆ ಎರಡು ಬೇಕು. ಒಂದು, ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆ. ಇದರಲ್ಲಿ ಕಾಗದದ ಮೇಲಿನ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ಇನ್ನೊಂದು, ಕಂದಾಯ ಇಲಾಖೆಯ ಗ್ರಾಮ ನಕ್ಷೆ. ಮೊದಲನೆಯದರಲ್ಲಿ ಎತ್ತರದ ಗೆರೆಗಳಿರುತ್ತವೆ, ಹೆಸರು ಕಡಿಮೆ. ಎರಡನೆಯದರಲ್ಲಿ ಎತ್ತರ ಕಾಣುವುದಿಲ್ಲ, ಆದರೆ ಯಾವ ಸರ್ವೆ ನಂಬರು ಗುಡ್ಡಕ್ಕೆ ಸೇರಿದ್ದು, ಯಾವ ಊರಿನ ಗಡಿ ಎಲ್ಲಿ ಹಾಯುತ್ತದೆ ಎಂದು ಗೊತ್ತಾಗುತ್ತದೆ. ನಿಂತ ಜಾಗದ ಸರ್ವೆ ನಂಬರು ತಿಳಿಯಲು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಸಾಕು. ಗಡಿ ಯಾಕೆ ಮುಖ್ಯವೆಂದರೆ, ಎರಡು ಮೂರು ಊರುಗಳ ಗಡಿ ಕೂಡುವ ಗುಡ್ಡಕ್ಕೆ ಹೆಸರೂ ಎರಡು ಮೂರು ಇರುವ ಸಾಧ್ಯತೆ ಹೆಚ್ಚು.

ಅಕ್ಟೋಬರಿನಿಂದ ಫೆಬ್ರವರಿವರೆಗೆ ಹೋಗಿ. ಏಪ್ರಿಲ್, ಮೇ ತಿಂಗಳಲ್ಲಿ ಕಲ್ಲು ಕಾದು ಕೈ ಇಡಲಾಗುವುದಿಲ್ಲ. ತಲೆಗೆ ಮೂರು ಲೀಟರ್ ನೀರು. ದರೋಜಿ, ಸಂಡೂರು, ಗಂಗಾವತಿ ಕಡೆಯ ಗುಡ್ಡಗಳಲ್ಲಿ ಕರಡಿ, ಚಿರತೆ ಇರುವುದರಿಂದ ಬಿಸಿಲು ಬಿದ್ದ ಮೇಲೆ ಹತ್ತಿ, ಸಂಜೆ ಐದರೊಳಗೆ ಇಳಿದುಬಿಡಿ. ಒಬ್ಬರೇ ಹೋಗಬೇಡಿ. ಸಂಡೂರಿನಲ್ಲಿ ಗಣಿ ಗುತ್ತಿಗೆಯ ಜಾಗಕ್ಕೆ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ.

ಕೇಳುವ ಕ್ರಮ

ಗುಡ್ಡದ ಸುತ್ತ ಕನಿಷ್ಠ ಮೂರು ದಿಕ್ಕಿನ ಊರುಗಳಿಗೆ ಹೋಗಿ, ಊರಿಗೆ ಇಬ್ಬರಂತೆ ಆರು ಜನರನ್ನಾದರೂ ಕೇಳಿ. ಅಗಸಿಕಟ್ಟೆಯ ಮೇಲೆ ಕೂತವರು ಗುಡ್ಡದ ಹೆಸರು ಹೇಳುತ್ತಾರೆ. ಗುಡ್ಡದೊಳಗಿನ ಹೆಸರುಗಳು ಗೊತ್ತಿರುವುದು ಕುರಿ ಮೇಯಿಸುವವರಿಗೆ, ಕಲ್ಲು ಒಡೆಯುವವರಿಗೆ, ಕಟ್ಟಿಗೆ ಮತ್ತು ಸೀತಾಫಲ ತರಲು ಹೋಗುವ ಹೆಂಗಸರಿಗೆ. ಕುರಿ ಕಾಯುವವರಿಗೆ ಒಂದೊಂದು ದೊಣೆಗೂ ಹೆಸರು ಬೇಕು, ಯಾಕೆಂದರೆ ಬೇಸಿಗೆಯಲ್ಲಿ ಯಾವ ದೊಣೆಯಲ್ಲಿ ನೀರಿದೆ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಬೇಕಾಗುತ್ತದೆ.

ಹೆಸರನ್ನು ನೀವೇ ಬಾಯಿಗೆ ಹಾಕಬೇಡಿ. ‘ಇದಕ್ಕ ಮೋರ್ಯರ ಗುಡ್ಡ ಅಂತಾರಲ್ರಿ?’ ಎಂದು ಕೇಳಿದರೆ ಮರ್ಯಾದೆಗಾದರೂ ‘ಹೌದ್ರಿ’ ಎನ್ನುತ್ತಾರೆ. ಹೀಗೆ ಕೇಳಿ:

‘ಯಜಮಾನ್ರ, ಆ ಗುಡ್ಡಕ್ಕ ನಿಮ್ಮೂರಾಗ ಏನಂತೀರಿ?’
‘ಕುರಿ ಹೊಡಕೊಂಡು ಹೋಗೋವಾಗ ಎಲ್ಲಿಗೆ ಹೊಂಟೀನಿ ಅಂತ ಹೇಳ್ತೀರಿ?’
‘ಆ ಕಡೆ ಊರಿನವ್ರು ಅದಕ್ಕ ಬ್ಯಾರೆ ಏನಾರ ಅಂತಾರೇನ್ರಿ?’

‘ಆ ಹೆಸರು ಯಾಕ ಬಂತ್ರಿ?’ ಎಂಬ ಪ್ರಶ್ನೆ ಕೊನೆಗೆ. ಅದನ್ನು ಮೊದಲೇ ಕೇಳಿದರೆ ಭೀಮ, ರಾಮ, ಹನುಮಂತ ಎಲ್ಲರೂ ಬಂದು ಕೂತುಬಿಡುತ್ತಾರೆ, ಹೆಸರು ಹಿಂದೆ ಸರಿಯುತ್ತದೆ.

ಹೇಳಿದ್ದನ್ನು ಅವರ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ, ಜೊತೆಗೆ ಕೈಬರಹದಲ್ಲೂ ಬರೆದುಕೊಳ್ಳಿ. ಬರೆಯುವಾಗ ಮೂರು ಕಡೆ ಕಿವಿ ನಿಮಿರಬೇಕು: ಲ ಅಥವಾ ಳ, ನ ಅಥವಾ ಣ, ಸ್ವರ ಹ್ರಸ್ವವೋ ದೀರ್ಘವೋ. ದೊಣೆ ಅಂದರೆ ಬಂಡೆಯ ಮೇಲೆ ನೀರು ನಿಲ್ಲುವ ಕುಳಿ. ದೋಣಿ ಅಂದರೆ ಹರಿಗೋಲಿನ ಅಣ್ಣ, ಇಲ್ಲವೇ ನೀರು ಹಾಯುವ ತೊಟ್ಟಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಎರಡೂ ಹೆಚ್ಚುಕಡಿಮೆ ಒಂದೇ. ಸಂಡೂರಿನ ದೋಣಿಮಲೈ ಹೆಸರನ್ನು ಬಿಡಿಸಲು ಹೊರಟವರು ಮೊದಲು ಈ ಒಂದು ಸ್ವರವನ್ನು ಸುತ್ತಲಿನ ಹಳೆಯ ಊರಿನವರ ಬಾಯಲ್ಲಿ ಖಚಿತ ಮಾಡಿಕೊಳ್ಳಬೇಕು. ಬೋರ್ಡು ನೋಡಿ ತೀರ್ಮಾನಿಸಬಾರದು.

ಐರ್ಲೆಂಡಿನಲ್ಲಿ ಆದದ್ದೂ ಇದೇ. 1824ರಲ್ಲಿ ಅಲ್ಲಿ ಶುರುವಾದ ಆರ್ಡ್‌ನೆನ್ಸ್ ಸರ್ವೆ, ಅಂದರೆ ಬ್ರಿಟಿಷ್ ಸರ್ಕಾರದ ನಕ್ಷೆ ಇಲಾಖೆ, ಇಡೀ ದೇಶವನ್ನು ಮೈಲಿಗೆ ಆರು ಇಂಚಿನ ಅಳತೆಯಲ್ಲಿ ಬರೆಯಿತು. ಅಂದರೆ 1:10,560, ನಮ್ಮ 1:50,000 ನಕ್ಷೆಗಿಂತ ಸುಮಾರು ಐದು ಪಟ್ಟು ದೊಡ್ಡದು. ಅಳೆಯಲು ಬಂದ ಸೈನಿಕರಿಗೆ ಐರಿಶ್ ಬರುತ್ತಿರಲಿಲ್ಲ, ಕಿವಿಗೆ ಬಿದ್ದದ್ದನ್ನು ಇಂಗ್ಲಿಷ್ ಕಾಗುಣಿತದಲ್ಲಿ ಗೀಚುತ್ತಿದ್ದರು. ಅದನ್ನು ಸರಿಪಡಿಸಲು 1830ರಲ್ಲಿ ಜಾನ್ ಓ’ಡೊನೊವನ್ ಎಂಬ ಐರಿಶ್ ವಿದ್ವಾಂಸನನ್ನು ತೆಗೆದುಕೊಂಡರು. ಆತ ಊರೂರು ತಿರುಗಿ ಹಳಬರ ಬಾಯಲ್ಲಿ ಹೆಸರು ಹೇಳಿಸಿದ. ಪ್ರತಿ ಹೆಸರಿಗೂ ಎಷ್ಟು ರೂಪಗಳಿವೆ, ಯಾವ ರೂಪ ಯಾರಿಂದ, ಯಾವ ಕಾಗದದಿಂದ ಬಂತು ಎಂದು ಸರ್ವೆಯ ಪುಸ್ತಕಗಳಲ್ಲಿ ಸಾಲಾಗಿ ಬರೆದಿಟ್ಟರು. ಕೊನೆಗೆ ನಕ್ಷೆಗೆ ಹೋದದ್ದು ಇಂಗ್ಲಿಷ್ ರೂಪವೇ ಆದರೂ ಆ ಸಾಲುಗಳು ಉಳಿದಿರುವುದರಿಂದ ಇವತ್ತಿಗೂ ಹಿಂದಕ್ಕೆ ಹೋಗಿ ನೋಡಬಹುದು. ನೀವೂ ಎಲ್ಲ ರೂಪಗಳನ್ನು ಉಳಿಸಿಕೊಳ್ಳಿ. ಸರಿ ಎನಿಸಿದ್ದನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಹೊಡೆದುಹಾಕಬೇಡಿ.

ಬಾಲದಿಂದ ಬಿಡಿಸಿ

ಕನ್ನಡದ ಹೆಸರನ್ನು ಬಾಲದಿಂದ ಹಿಡಿಯಬೇಕು. ಕೊನೆಯ ಪದ ‘ಇದು ಎಂಥದ್ದು’ ಎಂದು ಹೇಳುತ್ತದೆ, ಮೊದಲಿನ ಪದ ‘ಯಾವುದು’ ಎಂದು. ಹದ್ದಿನಗುಂಡು: ಗುಂಡು, ಯಾವ ಗುಂಡು? ಹದ್ದಿನದು. ಐರಿಶ್ ಇದಕ್ಕೆ ತಿರುವುಮುರುವು, ಅಲ್ಲಿ ಗುಡ್ಡ ಮೊದಲು, ಗುರುತು ಆಮೇಲೆ. ಹೆಸರಿನ ಆರಂಭದಲ್ಲಿ ಸ್ಲೀವ್ ಬಂದರೆ ಪರ್ವತ, ನಾಕ್ ಬಂದರೆ ಗುಡ್ಡ, ಬೆನ್ ಅಥವಾ ಬಿನ್ ಬಂದರೆ ಕೋಡು, ಮುಲ್ಲಾ ಬಂದರೆ ನೆತ್ತಿ, ಕ್ರೋ ಬಂದರೆ ಬಣವಿ.

ನಮ್ಮ ಕಡೆಯ ಬಾಲಗಳು ಇವು. ಗುಡ್ಡ ಎಲ್ಲದಕ್ಕೂ ಸಲ್ಲುತ್ತದೆ. ಬೆಟ್ಟ ಅಂದರೆ ತುಸು ದೊಡ್ಡದು, ಅಥವಾ ದೇವರಿರುವುದು. ದೇವಸ್ಥಾನ ಬೆಳೆದಂತೆ ಗುಡ್ಡ ಬೆಟ್ಟವಾಗುವುದನ್ನು, ಆಮೇಲೆ ‘ಗಿರಿ’ಯೋ ‘ಅದ್ರಿ’ಯೋ ಆಗುವುದನ್ನು ಎಲ್ಲೆಡೆ ಕಾಣಬಹುದು. ಕಲ್ಲು ಎಂಬ ಬಾಲ ಸಮಾಸದಲ್ಲಿ ಬಹಳ ಕಡೆ ಗಲ್ಲು ಆಗುತ್ತದೆ: ಕಪ್ಪಗಲ್ಲು, ಕೊಳಗಲ್ಲು. ಕೆಲವು ಕಡೆ ಹಾಗೇ ಉಳಿಯುತ್ತದೆ: ಸಂಗನಕಲ್ಲು. ಗುಂಡು ಅಂದರೆ ಬಿಡಿಯಾಗಿ ಕೂತ ದುಂಡು ಬಂಡೆ. ಮರಡಿ ಅಂದರೆ ಬೆಳೆ ಬಾರದ, ಗರಸು ನೆಲದ ದಿಣ್ಣೆ. ಎರಿ ಹೊಲದ ಸಮತಟ್ಟಿನಲ್ಲಿ ಹತ್ತು ಮೀಟರ್ ಎದ್ದದ್ದೂ ಮರಡಿಯೇ. ದುರ್ಗ ಎಂದರೆ ಕೋಟೆ ಇತ್ತು, ಅಥವಾ ದುರ್ಗಮ್ಮನ ಗುಡಿ ಇದೆ. ಯಾವುದು ಎಂದು ಹತ್ತಿ ನೋಡದೆ ಹೇಳಬೇಡಿ. ಗವಿ, ದೊಣೆ, ಗೊಂದಿ, ಗಂಡಿ ಇವು ಎತ್ತರದ ಹೆಸರುಗಳಲ್ಲ, ಟೊಳ್ಳಿನ ಹೆಸರುಗಳು. ಸಂಡೂರಿನಲ್ಲಿ ನಾರಿಹಳ್ಳ ಬೆಟ್ಟಸಾಲನ್ನು ಸೀಳಿಕೊಂಡು ಹೋಗುವ ಜಾಗಗಳು ಭೀಮನಗಂಡಿ, ಉಬ್ಬಲಗಂಡಿ. ಗಂಡಿ ಅಂದರೆ ಬೇಲಿಯಲ್ಲಿ ಬಿಟ್ಟಂಥ ದಾರಿ, ಅಷ್ಟೇ.

ಐರ್ಲೆಂಡಿನಲ್ಲಿ ಗಂಡಿಗೆ ಬಾರ್ನಾ ಎನ್ನುತ್ತಾರೆ. ಮೋರ್ನ್ ಸಾಲಿನ ಸ್ಲೀವ್ ಬರ್ನಾ ಅಂದರೆ ಗಂಡಿಬಿದ್ದ ಬೆಟ್ಟ. ಅದರ ತಲೆಯ ಮೇಲೆ ಎರಡು ಕಲ್ಲಿನ ಗೋಪುರಗಳು, ನಡುವೆ ಹಲ್ಲು ಬಿದ್ದಂಥ ಖಾಲಿ. ಮೋರ್ನ್ ಸಾಲು ಗ್ರಾನೈಟ್, ಸಂಡೂರಿನ ಸಾಲು ಬಿಟ್ಟರೆ ನಮ್ಮವೂ ಹೆಚ್ಚಾಗಿ ಗ್ರಾನೈಟ್. ಬಿರುಕು ಬಿಟ್ಟ ಕಲ್ಲು ಮೂಲೆ ಸವೆದು ಗುಂಡಾಗುವ ರೀತಿ ಎರಡೂ ಕಡೆ ಒಂದೇ ಬಗೆಯದು. ಆದರೆ ಅಲ್ಲಿ ಹಿಮನದಿಗಳು ಬೆಟ್ಟದ ಪಕ್ಕೆಯನ್ನು ಬೋಗುಣಿಯಂತೆ ಕೆತ್ತಿವೆ, ಅದಕ್ಕೆ ಕೂಮ್, ಲಗ್ ಎಂಬ ಪದಗಳಿವೆ. ನಮ್ಮಲ್ಲಿ ಹಿಮವಿಲ್ಲ, ಆ ಪದವೂ ಇಲ್ಲ. ಇರುವ ನೀರನ್ನು ಬಂಡೆಯ ಕುಳಿಯಲ್ಲಿ ಹುಡುಕಬೇಕಾದ ನೆಲವಾದ್ದರಿಂದ ದೊಣೆ ಎಂಬ ಪದ ಇದೆ.

ಬಾಲ ಬಿಡಿಸಿದ ಮೇಲೆ ತಲೆ. ತಲೆಯಲ್ಲಿ ಬರುವುದು ಹೆಚ್ಚಾಗಿ ಬಣ್ಣ, ಆಕಾರ, ಪ್ರಾಣಿ, ಗಿಡ, ದೇವರು, ಮನುಷ್ಯ, ಗಾತ್ರ. ಇಲ್ಲಿ ಸಂಧಿಯ ಕೈಚಳಕದ ಮೇಲೆ ಕಣ್ಣಿರಲಿ. ಕಲ್ಲು ಗಲ್ಲಾದ ಹಾಗೆ ಐರಿಶ್‌ನಲ್ಲೂ ಪದದ ಮೊದಲ ಅಕ್ಷರ ಬದಲಾಗುತ್ತದೆ. ಟಿಪರೇರಿಯ ಸ್ಲೀವ್‌ನಮಾನ್ ಅಂದರೆ ಹೆಂಗಸರ ಬೆಟ್ಟ. ಹೆಂಗಸರು ಎಂಬ ಪದ ‘ಬನ್’, ಹಿಂದೆ ‘ನ’ ಬಂದದ್ದಕ್ಕೆ ಬಾಯಲ್ಲಿ ‘ಮನ್’ ಆಯಿತು. ಐರಿಶ್ ಬರಹದಲ್ಲಿ ಮ ಮತ್ತು ಬ ಎರಡೂ ಉಳಿದಿವೆ, ಇಂಗ್ಲಿಷ್ ರೂಪದಲ್ಲಿ ಬ ಕಾಣೆ. ಇಂಗ್ಲಿಷ್ ರೂಪವನ್ನಷ್ಟೇ ಹಿಡಿದು ನಿಘಂಟು ತೆರೆದವನಿಗೆ ಹೆಂಗಸರು ಸಿಗುವುದೇ ಇಲ್ಲ.

ಎದುರು ನಿಂತು ನೋಡುವುದು

ಇದೇ ಮುಖ್ಯ ಕೆಲಸ. ಹೆಸರು ಇಟ್ಟವರು ಬಹುಪಾಲು ಗುಡ್ಡದ ಕೆಳಗೆ, ತಮ್ಮ ಹೊಲದಲ್ಲೋ ದಾರಿಯಲ್ಲೋ ನಿಂತವರು. ಆದ್ದರಿಂದ ಆಕಾರದ ಹೆಸರನ್ನು ತುದಿಯಲ್ಲಿ ನಿಂತು ಪರೀಕ್ಷೆ ಮಾಡಿದರೆ ಏನೂ ಸಿಗದು. ಬಳ್ಳಾರಿಯಲ್ಲಿ ಕೋಟೆ ಇರುವ ಬಳ್ಳಾರಿ ಗುಡ್ಡದ ಜೊತೆಗೆ ಕುಂಬಾರ ಗುಡ್ಡ ಇದೆಯಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ ಫೇಸ್ ಹಿಲ್ ಎಂಬ ಹೆಸರೂ ಇದೆ. ಆಗ್ನೇಯ ದಿಕ್ಕಿನಿಂದ ನೋಡಿದರೆ ಮನುಷ್ಯನ ಮುಖ ಮಲಗಿದ ಹಾಗೆ ಕಾಣುತ್ತದೆ. ಬೇರೆ ದಿಕ್ಕಿನವರಿಗೆ ಅದು ಬರೀ ಕಲ್ಲುಗುಡ್ಡ. ಒಂದೇ ಗುಡ್ಡ, ಎರಡು ಹೆಸರು. ಒಂದು ಬುಡದ ಕಸುಬಿನವರದ್ದು, ಇನ್ನೊಂದು ದೂರ ನಿಂತು ನೋಡಿದವರದ್ದು.

ಮಾಡಬೇಕಾದ್ದು ಇಷ್ಟು. ಆ ಹೆಸರು ಹೇಳುವ ಪ್ರತಿಯೊಂದು ಊರಿನ ಅಗಸಿಯ ಹತ್ತಿರದಿಂದ ಒಂದೊಂದು ಫೋಟೊ ತೆಗೆಯಿರಿ, ಜೂಮ್ ಹಾಕಬೇಡಿ. ಫೋಟೊದ ಜೊತೆ ದಿಕ್ಕು ಬರೆಯಿರಿ, ಫೋನಿನ ದಿಕ್ಸೂಚಿ ಸಾಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಬೆಳಕು ಅಡ್ಡ ಬಿದ್ದಾಗ ಮಾತ್ರ ಎದ್ದು ಕಾಣುವ ಮೂಗು, ಗೂನು, ಕೊರಕಲು ಮಧ್ಯಾಹ್ನ ಅಳಿಸಿಹೋಗುತ್ತವೆ. ಐರ್ಲೆಂಡಿನ ಕ್ರೋ ಪ್ಯಾಟ್ರಿಕ್ 764 ಮೀಟರ್ ಎತ್ತರದ ಬಿಳಿಗಲ್ಲಿನ ಶಂಕು. ಸಂತ ಪ್ಯಾಟ್ರಿಕನ ಹೆಸರು ಆಮೇಲಿನದು, ಅದಕ್ಕೂ ಮುಂಚೆ ಅದು ಕ್ರೂಖಾನ್ ಐಗ್ಲೆ. ಸಂತ ಬಂದರೂ ಬಣವಿ ಹೋಗಲಿಲ್ಲ: ಸುತ್ತಲಿನ ಜನ ಇವತ್ತಿಗೂ ಅದನ್ನು ‘ದ ರೀಕ್’ ಎನ್ನುತ್ತಾರೆ, ಅಂದರೆ ಬಣವಿಯೇ. ಜೋಳದ ಸೊಪ್ಪಿ ಒಟ್ಟುವ ನಮಗೆ ಆ ಆಕಾರ ಹೇಳಿಕೊಡಬೇಕಾಗಿಲ್ಲ.

ಬಣ್ಣದ ಹೆಸರಿಗೆ ಬೇರೆ ಪರೀಕ್ಷೆ. ಹೊರಮೈ ಬಣ್ಣ ಮೋಸ ಮಾಡುತ್ತದೆ: ಮಳೆನೀರು ಹರಿದ ಗ್ರಾನೈಟ್ ಕಪ್ಪಗೆ ಪಟ್ಟೆ ಕಟ್ಟುತ್ತದೆ, ಒಣಗಿದ ಕಲ್ಲುಹೂವು ಬೂದು ಬಳಿಯುತ್ತದೆ. ಮೊದಲೇ ಬಿದ್ದ ತುಂಡಿನಲ್ಲಿ ಹೊಸದಾಗಿ ಒಡೆದ ಮುಖ ಹುಡುಕಿ ನೋಡಿ. ಶಾಸನ, ಗೀರುಚಿತ್ರ, ಕಲ್ಗೋರಿ (ಬಹು ಹಿಂದಿನವರು ಕಲ್ಲುಚಪ್ಪಡಿಯಲ್ಲಿ ಕಟ್ಟಿದ ಸಮಾಧಿ) ಇರುವಲ್ಲಿ ನೀವೇ ಕಲ್ಲು ಒಡೆಯುವುದಂತೂ ಕೂಡದು. ಬಳ್ಳಾರಿ ಹತ್ತಿರದ ಕಪ್ಪಗಲ್ಲಿನಲ್ಲಿ ಈ ಪರೀಕ್ಷೆ ಚೆನ್ನಾಗಿ ನಡೆಯುತ್ತದೆ. ಅಲ್ಲಿಯ ಗುಡ್ಡ ಗ್ರಾನೈಟ್, ಆದರೆ ಅದನ್ನು ಸೀಳಿಕೊಂಡು ಕಪ್ಪು ಡಾಲರೈಟ್ ಕಲ್ಲಿನ ಪಟ್ಟಿಯೊಂದು ಎದ್ದಿದೆ. ನವಶಿಲಾಯುಗದವರು ಕೊಡಲಿ ಮಾಡಿದ್ದು ಈ ಕಲ್ಲಿನಲ್ಲಿ, ದನಗಳ ಚಿತ್ರ ಗೀರಿದ್ದೂ ಇದರ ಮೇಲೆಯೇ, ಬಡಿದರೆ ಗಂಟೆಯಂತೆ ದನಿ ಕೊಡುವ ಕಲ್ಲುಗಳೂ ಇದರಲ್ಲಿವೆ. ಕಪ್ಪು ಕಲ್ಲು ಎಂಬ ಹೆಸರಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದು ಅಪರೂಪ.

ಗಾಳಿ, ನೀರು, ಪ್ರಾಣಿಯ ಹೆಸರಿಗೆ ಒಂದೇ ಭೇಟಿ ಸಾಲದು. ದೊಣೆಯಲ್ಲಿ ಜನವರಿಯಲ್ಲಿ ನೀರಿತ್ತೇ, ಏಪ್ರಿಲಿನಲ್ಲಿ ಉಳಿಯಿತೇ ಎಂದು ನೋಡಬೇಕು. ವಿಕ್ಲೋ ಬೆಟ್ಟಗಳಲ್ಲಿ 817 ಮೀಟರಿನ ಟೋನಲಗೀ ಎಂಬುದಿದೆ, ಅರ್ಥ ‘ಗಾಳಿಗೆ ಅಂಡು ತಿರುಗಿಸಿದ್ದು’. ಮಳೆಗಾಳಿಯಲ್ಲಿ ದನ ಹೇಗೆ ತಿರುಗಿ ನಿಲ್ಲುತ್ತದೆ ಎಂದು ಕಂಡವರೇ ಇಟ್ಟ ಹೆಸರಿರಬೇಕು. ಮೇಯೋದ ಮ್ವೀಲ್‌ರೇ ಹೆಸರಿನಲ್ಲಿರುವುದು ‘ಬೋಳು’ ಎಂಬ ಪದ, 814 ಮೀಟರಿನ ನುಣ್ಣನೆ ಬೋಳುತಲೆ. ನಮ್ಮಲ್ಲಿ ಬೋಳುಗುಡ್ಡ ಎಂಬ ಹೆಸರು ಸಿಕ್ಕರೆ ಹುಷಾರು: ಇವತ್ತು ಬೋಳಾಗಿರುವ ಗುಡ್ಡ ಹೆಸರಿಟ್ಟಾಗಲೂ ಬೋಳಾಗಿತ್ತೇ, ಇಲ್ಲ ಅಕ್ಕಪಕ್ಕದ ಗುಡ್ಡಗಳಲ್ಲಿ ಗಿಡವಿದ್ದು ಇದೊಂದೇ ಬೋಳಾಗಿತ್ತೇ? ಎಲ್ಲ ಗುಡ್ಡಗಳೂ ಬೋಳಾಗಿದ್ದರೆ ಆ ಹೆಸರಿನಿಂದ ಗುರುತು ಹಿಡಿಯಲಾಗದು. ಹೆಸರು ಅಂದರೆ ಪಕ್ಕದ್ದರಿಂದ ಬೇರೆ ಮಾಡಿ ತೋರಿಸುವುದು. ಹಿರೇ, ಚಿಕ್ಕ ಎಂಬ ತಲೆಗಳಿಗೂ ಇದೇ ಮಾತು: ಯಾವುದಕ್ಕಿಂತ ಹಿರಿದು ಎಂದು ಜೋಡಿ ಹುಡುಕಿ.

ಕಾಗದದಲ್ಲಿ ಹುಡುಕುವಾಗ

ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು, ಹಳೆಯ ಕಂದಾಯ ಕಾಗದ ಉರ್ದುವಿನಲ್ಲಿ ಸಿಗುತ್ತದೆ. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು, ಅಲ್ಲಿಯದು ಇಂಗ್ಲಿಷಿನಲ್ಲಿ. ಉರ್ದುವಿನಲ್ಲಿ ಹ್ರಸ್ವ ಸ್ವರವನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಳ ಮತ್ತು ಣಕ್ಕೆ ಅಕ್ಷರವಿಲ್ಲ. ಇಂಗ್ಲಿಷಿನಲ್ಲಿ ಎ–ಏ, ಒ–ಓ ಬೇರೆಯಾಗುವುದಿಲ್ಲ. ಕೊಪ್ಪಳವೇ ಹಳೆಯ ಇಂಗ್ಲಿಷ್ ಬರಹದಲ್ಲಿ ‘ಕೊಪ್‌ಬಲ್’ ಆಗಿತ್ತು. ಹಾಗಾಗಿ ಕಾಗದದ ರೂಪಕ್ಕೂ ಬಾಯಿಯ ರೂಪಕ್ಕೂ ಜಗಳ ಬಂದರೆ ಅಕ್ಷರದ ವಿಷಯದಲ್ಲಿ ಬಾಯಿಯನ್ನು ನಂಬಿ, ಕಾಲದ ವಿಷಯದಲ್ಲಿ ಕಾಗದವನ್ನು ನಂಬಿ. ಕನ್ನಡ ಶಾಸನ ಸಿಕ್ಕರೆ ಎರಡಕ್ಕೂ ಅದೇ ಮೇಲು. ಜಿಲ್ಲಾವಾರು ಶಾಸನ ಸಂಪುಟಗಳ ಹಿಂದಿರುವ ಸ್ಥಳನಾಮಗಳ ಪಟ್ಟಿಯಿಂದ ಶುರು ಮಾಡಿ.

ಎಡವುವ ಜಾಗಗಳು

ಮೊದಲನೆಯದು ಕಥೆ. ಬಳ್ಳಾರಿ–ಹೊಸಪೇಟೆ ದಾರಿಯ ಕುಡತಿನಿಯಲ್ಲಿ ಬೂದಿದಿಬ್ಬವಿದೆ, ಹಂಪಿ ಹತ್ತಿರದ ನಿಂಬಾಪುರದಲ್ಲೂ ಒಂದಿದೆ. ನಿಂಬಾಪುರದ್ದು ವಾಲಿಯನ್ನು ಸುಟ್ಟ ಬೂದಿ ಎಂದು ಜನ ಹೇಳುತ್ತಾರೆ. ಕುಡತಿನಿಯದ್ದು ನವಶಿಲಾಯುಗದ ದನಗಾಹಿಗಳು ಸಗಣಿಯ ರಾಶಿಗೆ ಬೆಂಕಿ ಕೊಟ್ಟು ಉಳಿದ ಬೂದಿ. ಕಥೆ ಬೇರೆಯಾದರೂ ‘ಬೂದಿ’ ಎಂಬ ಪದ ನಿಜವನ್ನೇ ಹೇಳುತ್ತಿದೆ ನೋಡಿ. ಕಥೆಯನ್ನು ಎಸೆಯಬೇಡಿ, ಬೇರೆ ಕಲಂನಲ್ಲಿ ಬರೆಯಿರಿ.

ಎರಡನೆಯದು ದನಿಯ ಹೋಲಿಕೆ. ಹಿರೇಬೆಣಕಲ್ಲಿನ ಕಲ್ಗೋರಿಗಳ ಗುಡ್ಡಕ್ಕೆ ಮೋರ್ಯರ ಗುಡ್ಡ ಎನ್ನುತ್ತಾರೆ. ಹತ್ತಿರದಲ್ಲೇ ಅಶೋಕನ ಶಾಸನಗಳಿರುವುದರಿಂದ ಮೌರ್ಯರು ಎಂದುಬಿಡುವ ಆಸೆ ಬರುತ್ತದೆ. ಊರಿನವರ ಮೋರ್ಯರು ಕುಳ್ಳ ಜನ, ಆ ಕಲ್ಲಿನ ಮನೆಗಳಲ್ಲಿ ಇದ್ದವರು. ಮನೆ ಚಿಕ್ಕದು, ಆದ್ದರಿಂದ ಜನವೂ ಚಿಕ್ಕವರು ಎಂಬ ಲೆಕ್ಕ. ದನಿ ಒಂದೇ ಎಂಬುದೊಂದರಿಂದ ರಾಜವಂಶ ಅಂಟಿಸಲಾಗದು.

ಮೂರನೆಯದು ಜಾಗ ಬದಲಿಸಿದ ಹೆಸರು. ಕೆರಿ ಕೌಂಟಿ ಬಿಟ್ಟರೆ ಐರ್ಲೆಂಡಿನ ಅತಿ ಎತ್ತರದ ಬೆಟ್ಟ ಲಗ್ನಕ್ವಿಲ್ಲ, 925 ಮೀಟರ್. ಹೆಸರಿನ ಅರ್ಥ ‘ಕಾಡಿನ ತಗ್ಗು’! ತಗ್ಗಿನ ಹೆಸರು ಮೇಲೇರಿ ನೆತ್ತಿಗೆ ಅಂಟಿಕೊಂಡಿದೆ. ಹೆಸರಿಗೂ ತುದಿಗೂ ಹೊಂದಾಣಿಕೆ ಇಲ್ಲವೆಂದರೆ ಪಕ್ಕೆಯಲ್ಲಿ, ಬುಡದಲ್ಲಿ, ಹಳ್ಳದಲ್ಲಿ ಹುಡುಕಿ. ಗುಡ್ಡದ ಹೆಸರು ಊರಿಗೆ ಇಳಿಯುವುದು ಇನ್ನೂ ಸಾಮಾನ್ಯ: ಕಪ್ಪಗಲ್ಲು, ಹದ್ದಿನಗುಂಡು, ಕನಕಗಿರಿ ಇವತ್ತು ಊರುಗಳು.

ನಾಲ್ಕನೆಯದು ಭಾಷೆ. ಬಳ್ಳಾರಿಯ ಮೂಡಣ ಅಂಚಿನಲ್ಲಿ, ರಾಯಚೂರಿನ ಗಡಿಯಲ್ಲಿ ಕೊಂಡ, ಗುಟ್ಟ, ಬಂಡ ಎಂಬ ತೆಲುಗು ಬಾಲಗಳು ಬರುತ್ತವೆ. ಬಾಲ ತೆಲುಗಾದರೆ ತಲೆಯನ್ನೂ ಮೊದಲು ತೆಲುಗಿನಲ್ಲಿ ಓದಿ. ಐರ್ಲೆಂಡಿನ ಅತಿ ಎತ್ತರದ ಕ್ಯಾರನ್‌ಟೂಹಿಲ್ (1,039 ಮೀಟರ್) ಹೆಸರಿನ ಮೊದಲರ್ಧ ಕುಡುಗೋಲು ಎಂಬುದು ಸ್ಪಷ್ಟ. ಉಳಿದರ್ಧ ಒಬ್ಬನ ಹೆಸರೋ, ‘ತಿರುವಿಟ್ಟ’ ಎಂಬ ಪದವೋ ಎಂದು ಎರಡು ಓದುಗಳಿವೆ. ಭಾಷೆ ಗೊತ್ತಿದ್ದೂ ಅರ್ಧ ಹೀಗೆ ಉಳಿಯುವುದುಂಟು. ಉಳಿದರೆ ಎರಡೂ ಓದು ಬರೆಯಿರಿ.

ಚೀಟಿ ಬರೆಯುವುದು

ಗುಡ್ಡಕ್ಕೊಂದು ಚೀಟಿ. ಪ್ರತಿ ಸಾಲಿನ ಕೊನೆಗೆ ‘ಕಂಡದ್ದು’, ‘ಕೇಳಿದ್ದು’, ‘ಓದಿದ್ದು’, ‘ಊಹೆ’ ಇವುಗಳಲ್ಲಿ ಒಂದು ಇರಲೇಬೇಕು. ಮಾದರಿಗೆ:

ಹೆಸರು: ಹಿರೇಗುಡ್ಡ, ಸಂಗನಕಲ್ಲು–ಕಪ್ಪಗಲ್ಲು ನಡುವೆ (ಕೇಳಿದ್ದು)
ಬೇರೆ ಹೆಸರು: ಪೀಕಾಕ್ ಹಿಲ್, ಬ್ರಿಟಿಷರ ಕಾಲದ ಬರಹ (ಓದಿದ್ದು)
ಬಾಲ: ಗುಡ್ಡ. ತಲೆ: ಹಿರೇ, ದೊಡ್ಡದು (ಕೇಳಿದ್ದು)
ಜೋಡಿ: ಪಕ್ಕದ ಗುಡ್ಡಗಳಿಗಿಂತ ದೊಡ್ಡದು (ಕಂಡದ್ದು)
ಕಲ್ಲು: ಗ್ರಾನೈಟ್, ನಡುವೆ ಕಪ್ಪು ಡಾಲರೈಟ್ ಪಟ್ಟಿ (ಕಂಡದ್ದು)
ಬುಡದ ಊರಿನ ಹೆಸರಿಗೆ ನಂಟು: ಕಪ್ಪು + ಕಲ್ಲು, ಈ ಪಟ್ಟಿಯಿಂದಲೇ (ಊಹೆ, ಬಲವಾದದ್ದು)

ಇದರ ಕೆಳಗೆ ಹೇಳಿದವರ ಊರು, ವಯಸ್ಸು, ಕಸುಬು, ತಾರೀಖು. ಅವರ ಹೆಸರು ಬೇಕಾದರೆ ಅವರನ್ನು ಕೇಳಿ ಬರೆಯಿರಿ. ಒಳಗಿನ ಗುಂಡು, ದೊಣೆ, ಗವಿಗಳಿಗೆ ಚೀಟಿಯ ಹಿಂಬದಿ, ಪ್ರತಿಯೊಂದಕ್ಕೂ ಜಿಪಿಎಸ್ ಅಂಕಿ. ಯಾರು ಬೇಕಾದರೂ ಹೆಸರು ಸೇರಿಸಬಹುದಾದ ಅಂತರ್ಜಾಲ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪಿಗೆ ಏರಿಸುವುದಾದರೆ ಕನ್ನಡ ಹೆಸರಿಗೆ ಬೇರೆಯೇ ಕಲಂ ಇದೆ, ಪರ್ಯಾಯ ಹೆಸರಿಗೂ ಇದೆ, ಎರಡನ್ನೂ ತುಂಬಿ. ಊಹೆ ಎಂದು ಗುರುತು ಹಾಕಿದ್ದನ್ನು ಅಲ್ಲಿಗೆ ಏರಿಸಬೇಡಿ. ಕರಡಿಯ ಗವಿ, ನಿಧಿಯ ಆಸೆಗೆ ಅಗೆಯುವವರ ಕಣ್ಣು ಬೀಳಬಹುದಾದ ಕಲ್ಗೋರಿ ಇವುಗಳ ಜಿಪಿಎಸ್ ಅಂಕಿ ಚೀಟಿಯಲ್ಲೇ ಇರಲಿ.